ಪಿಟ್ಸ್‌ಬರ್ಗಿನ ಗಣಿತದ ತರಗತಿ: ಮಿಶ್ರಬೋಧನೆಯ ಪೂರ್ವವೃತ್ತಾಂತ

ಗಣಕಯಂತ್ರದ ತೆರೆಯ ಮೇಲೆ ಗಣಿತವನ್ನು ಕಲಿಯುವ ಪದ್ಧತಿಯು 2020ರ ಕೋವಿಡ್ ಮಹಾಮಾರಿಯೊಡನೆ ನಮ್ಮ ಮನೆಗಳನ್ನು ಪ್ರವೇಶಿಸಿತಾದುದರಿಂದ, ಅದು ಹುಟ್ಟಿದ್ದೂ ಆಗಲೇ ಎಂಬ ಭಾವನೆ ಹಲವರಲ್ಲಿ ಬೇರೂರಿದೆ. ವಾಸ್ತವವಾಗಿ ಅದಕ್ಕೆ ಅರುವತ್ತು ವರ್ಷಗಳ ಚರಿತ್ರೆಯುಂಟು. ಆ ಚರಿತ್ರೆಯನ್ನು ಪರಿಶೀಲಿಸಿದಾಗ, ಯಂತ್ರವು ಉಪಾಧ್ಯಾಯನ ಸ್ಥಾನವನ್ನು ಕಸಿದುಕೊಳ್ಳುವುದೇ ಎಂಬ ನಮ್ಮ ಎಂದಿನ ವಾದವು ದಿಕ್ಕು ತಪ್ಪಿದುದೆಂದು ತೋರುತ್ತದೆ. ಕೇಳಬೇಕಾದ ಪ್ರಶ್ನೆಯೇ ಬೇರೆ. ಯಂತ್ರವು ತರಗತಿಗೆ ಬಂದ ಮೇಲೆ ಉಪಾಧ್ಯಾಯನ ವೇಳೆ ಯಾವ ವಿದ್ಯಾರ್ಥಿಯ ಪಾಲಿಗೆ ಸಂದಿತು?

1965ರ ವಸಂತಕಾಲದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ಯಾಟ್ರಿಕ್ ಸುಪ್ಪೆಸ್ ಅವರು ನಾಲ್ಕನೆಯ ತರಗತಿಯ 41 ಮಕ್ಕಳ ಕೊಠಡಿಯಲ್ಲಿ ಒಂದು ಟೆಲಿಟೈಪ್ ಯಂತ್ರವನ್ನಿರಿಸಿ, ಅದನ್ನು ದೂರವಾಣಿಯ ತಂತಿಯ ಮೂಲಕ ವಿಶ್ವವಿದ್ಯಾಲಯದ ಗಣಕಯಂತ್ರಕ್ಕೆ ಜೋಡಿಸಿದರು. ಅಂಕಗಣಿತದ ನಿತ್ಯಾಭ್ಯಾಸ ಯಂತ್ರದ್ದು, ವಿವರಣೆ ಉಪಾಧ್ಯಾಯರದು. ಅಲೆಕ್ಸಾಂಡರನಿಗೆ ಅರಿಸ್ಟಾಟಲನಿದ್ದಂತೆ ಪ್ರತಿಯೊಂದು ಮಗುವಿಗೂ ಒಬ್ಬ ಗುರುವು ದೊರೆಯುವ ಕಾಲ ಬರಲಿದೆಯೆಂದು ಅವರು ಮರುವರ್ಷವೇ ಭವಿಷ್ಯ ನುಡಿದರು. ಆದರೆ ಇಂಥ ಅಭ್ಯಾಸಯಂತ್ರಕ್ಕೆ ತಿಳಿಯುತ್ತಿದ್ದುದು ಉತ್ತರವು ತಪ್ಪೆಂಬುದಷ್ಟೆ. ತಾಳೆಪಟ್ಟಿಯ ಎರಡು ಮಗ್ಗುಲೂ ಹೊಂದದಿದ್ದರೆ ಎಲ್ಲಿಯೋ ತಪ್ಪಿದೆಯೆಂದು ಬ್ಯಾಂಕಿನ ಗುಮಾಸ್ತನಿಗೆ ತಿಳಿಯುತ್ತದೆ. ಯಾವ ಪುಟದಲ್ಲಿ ಎಂಬುದನ್ನು ಅರಸಲು ಆತ ರಾತ್ರಿಯವರೆಗೆ ಕುಳಿತಿರಬೇಕಾಗುತ್ತದೆ. ನಾನೂ ಕುಳಿತಿದ್ದೇನೆ.

ತಪ್ಪು ಎಲ್ಲಿ ಹುಟ್ಟಿತೆಂಬುದನ್ನು ಹಿಡಿಯುವ ಪ್ರಯತ್ನ ನಡೆದುದು ಪಿಟ್ಸ್‌ಬರ್ಗ್ ನಗರದಲ್ಲಿ. ಅಲ್ಲಿಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜಾನ್ ಆಂಡರ್ಸನ್ ಅವರ ಸಿದ್ಧಾಂತದ ಪ್ರಕಾರ, ಯಾವುದೇ ಕೌಶಲವನ್ನು ಸಣ್ಣ ಸಣ್ಣ ನಿಯಮಗಳನ್ನಾಗಿ ಬಿಡಿಸಬಹುದು. ವಿದ್ಯಾರ್ಥಿಯು ಲೆಕ್ಕವನ್ನು ಬಿಡಿಸುವಾಗ ಇಡುವ ಒಂದೊಂದು ಹೆಜ್ಜೆಯನ್ನೂ ಆ ನಿಯಮಗಳೊಡನೆ ಹೋಲಿಸಿ ನೋಡುವ ಕ್ರಮವಿಧಿಯನ್ನು ಅವರ ತಂಡವು 1980ರ ದಶಕದಲ್ಲಿ ರಚಿಸಿತು. ಅದು ಮೊದಲು ಹೊಕ್ಕ ಪ್ರೌಢಶಾಲೆಯ ವಿಷಯಗಳಲ್ಲಿ ರೇಖಾಗಣಿತದ ಸಾಧನೆ ಒಂದು. ತೆರೆಯ ಕೆಳಭಾಗದಲ್ಲಿ ದತ್ತಾಂಶ, ಮೇಲ್ಭಾಗದಲ್ಲಿ ಸಾಧಿಸಬೇಕಾದ ಪ್ರಮೇಯ. ವಿದ್ಯಾರ್ಥಿಯು ಕೆಳಗಿನಿಂದ ಮೇಲೇರಬಹುದು, ಮೇಲಿನಿಂದ ಕೆಳಗಿಳಿಯಲೂ ಬಹುದು. ಪುಸ್ತಕದಲ್ಲಿ ಮೇಲಿನಿಂದ ಕೆಳಕ್ಕೆ ಅಚ್ಚಾದ ಸಾಧನೆಯನ್ನು ಬಾಯಿಪಾಠ ಮಾಡಿ ಉತ್ತೀರ್ಣರಾದ ನಮ್ಮ ತಲೆಮಾರಿಗೆ ಇದು ಅಸೂಯೆ ಹುಟ್ಟಿಸುವ ಸಂಗತಿ!

ಆ ತರಗತಿಗಳಲ್ಲಿ ಕುಳಿತು ನೋಡಿದ ಸಮಾಜ-ಮನೋವಿಜ್ಞಾನಿ ಜ್ಯಾನೆಟ್ ಸ್ಕೋಫೀಲ್ಡ್ ಮತ್ತು ಅವರ ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದ ವರದಿಯೇ ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತಿ ಮುಖ್ಯ ದಾಖಲೆ. ಕರಿಹಲಗೆಯ ಮುಂದೆ ನಿಂತು ಇಡೀ ತರಗತಿಗೆ ಪಾಠ ಹೇಳುವಾಗ ಉಪಾಧ್ಯಾಯನ ಲಕ್ಷ್ಯವು, ಆತ ಬಯಸಲಿ ಬಿಡಲಿ, ಉತ್ತರ ಹೇಳಬಲ್ಲ ಜಾಣರತ್ತ ಒಲಿಯುತ್ತದೆ. ಯಂತ್ರಗಳು ಬಂದ ಮೇಲೆ ಜಾಣರು ತಮ್ಮಷ್ಟಕ್ಕೆ ಮುಂದುವರಿದರು. ಉಪಾಧ್ಯಾಯರು ಹಿಂದುಳಿದವರ ಬಳಿಗೆ ಹೋಗಿ ಒಬ್ಬೊಬ್ಬರಿಗೂ ನೆರವಾಗುವುದು ಹೆಚ್ಚಿತು. ಎಲ್ಲರೆದುರು ಕೈಯೆತ್ತಲು ನಾಚುವ ಹುಡುಗನೂ ಪಕ್ಕಕ್ಕೆ ಬಂದು ನಿಂತ ಉಪಾಧ್ಯಾಯನನ್ನು ಪಿಸುಮಾತಿನಲ್ಲಿ ಕೇಳಬಲ್ಲ. ಯಂತ್ರವನ್ನು ನಿರ್ಮಿಸಿದವರು ಗುರಿಯಿಟ್ಟದ್ದು ಇದಕ್ಕಲ್ಲ. ಅವರ ಕಣ್ಣು ತೆರೆಯ ಮೇಲಿತ್ತು, ಲಾಭ ಮಾತ್ರ ತೆರೆಯ ಹಿಂದೆ ದೊರೆಯಿತು.

ಮುಂದೆ ನಗರದ ಶಾಲೆಗಳ ಗಣಿತೋಪಾಧ್ಯಾಯರೇ ಸೇರಿ ರಚಿಸಿದ ಬೀಜಗಣಿತದ ಪಾಠಕ್ರಮಕ್ಕೆ ಈ ಕ್ರಮವಿಧಿಯನ್ನು ಹೊಂದಿಸಿ, 1993–94ರಲ್ಲಿ ಪಿಟ್ಸ್‌ಬರ್ಗಿನ ಮೂರು ಪ್ರೌಢಶಾಲೆಗಳಲ್ಲಿ ಪ್ರಯೋಗಿಸಲಾಯಿತು. ಆ ಪಾಠಕ್ರಮದ ಉದ್ದೇಶಗಳಿಗೆಂದೇ ರಚಿತವಾದ ಪರೀಕ್ಷೆಗಳಲ್ಲಿ ಪ್ರಯೋಗದ ವಿದ್ಯಾರ್ಥಿಗಳು ಉಳಿದವರಿಗಿಂತ ಶೇಕಡಾ 100ರಷ್ಟು, ಸಾಮಾನ್ಯ ಪ್ರಮಾಣಿತ ಪರೀಕ್ಷೆಗಳಲ್ಲಿ ಶೇಕಡಾ 15ರಷ್ಟು ಮೇಲುಗೈ ಪಡೆದರೆಂದು 1997ರಲ್ಲಿ ವರದಿಯಾಯಿತು. ಮೊದಲನೆಯದು ಕಲಿಸಿದ್ದನ್ನೇ ಕೇಳಿದ ಪರೀಕ್ಷೆಯಾದುದರಿಂದ, ಎರಡನೆಯ ಅಂಕೆಯನ್ನೇ ನಾವು ನೆಚ್ಚುವುದು ಲೇಸು. 1998ರಲ್ಲಿ ಈ ಪದ್ಧತಿಯನ್ನು ಮಾರಲು ಕಾರ್ನೆಗಿ ಲರ್ನಿಂಗ್ ಎಂಬ ಕಂಪನಿ ಸ್ಥಾಪಿತವಾಯಿತು. ವಾರದಲ್ಲಿ ಮೂರು ದಿನ ತರಗತಿ, ಎರಡು ದಿನ ಯಂತ್ರಶಾಲೆ ಎಂಬುದು ಅದರ ರೂಢಿಯ ವಿಭಾಗ.

ಅದರ ಕಠಿಣ ಪರೀಕ್ಷೆಯನ್ನು ರ‍್ಯಾಂಡ್ ಸಂಸ್ಥೆ ನಡೆಸಿತು. ಏಳು ಸಂಸ್ಥಾನಗಳ 147 ಶಾಲೆಗಳ ಮೇಲಿನ ಈ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮೊದಲ ವರ್ಷ ಗಣನೀಯ ಲಾಭವೇನೂ ಕಾಣಲಿಲ್ಲ. ಎರಡನೆಯ ವರ್ಷದಲ್ಲಿ ಪ್ರೌಢಶಾಲೆಗಳಲ್ಲಿ ಮಾತ್ರ ಸ್ಪಷ್ಟವಾದ ಲಾಭ ತೋರಿತು. ನೂರರಲ್ಲಿ 50ನೆಯ ಸ್ಥಾನದಲ್ಲಿರಬೇಕಾದ ವಿದ್ಯಾರ್ಥಿ ಸುಮಾರು 58ನೆಯ ಸ್ಥಾನಕ್ಕೇರಿದಷ್ಟು ಅದರ ಪ್ರಮಾಣ. ಆ ವರ್ಷದ ವಿದ್ಯಾರ್ಥಿಗಳು ಹೊಸಬರು, ಯಂತ್ರ ಹಳೆಯದೇ. ಹಾಗಾದರೆ ಅನುಭವದಲ್ಲಿ ಒಂದು ವರ್ಷ ಬೆಳೆದವರಾರು? ಉಪಾಧ್ಯಾಯರೆಂಬುದು ನನ್ನ ಊಹೆ; ಅಧ್ಯಯನವು ಅಷ್ಟು ಖಚಿತವಾಗಿ ಹೇಳುವುದಿಲ್ಲ.

ನಮ್ಮ ದೇಶದಲ್ಲಿಯೂ ಇದಕ್ಕೆ ಸಮೀಪದ ಒಂದು ಪ್ರಯತ್ನ ನಡೆಯಿತು. ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆ, ಟಾಟಾ ಟ್ರಸ್ಟ್ ಮತ್ತು ಅಮೆರಿಕದ ಎಂ.ಐ.ಟಿ. ಸೇರಿ 2015ರಲ್ಲಿ ಆರಂಭಿಸಿದ ‘ಕ್ಲಿಕ್ಸ್’ ಯೋಜನೆಯು ರಾಜಸ್ಥಾನ, ಛತ್ತೀಸಗಢ, ಮಿಜೋರಾಂ, ತೆಲಂಗಾಣಗಳ ಸರಕಾರಿ ಪ್ರೌಢಶಾಲೆಗಳಿಗೆ ರೇಖಾಗಣಿತ, ಅನುಪಾತ, ಸಮೀಕರಣಗಳ ಪಾಠಗಳನ್ನೊಯ್ದಿತು. ಅಂತರ್ಜಾಲವಿಲ್ಲದೆಡೆಯೂ ನಡೆಯುವಂತೆ ಪಾಠಗಳನ್ನು ಶಾಲೆಯ ಯಂತ್ರದಲ್ಲಿಯೇ ಇರಿಸಲಾಗಿತ್ತು. ಉಪಾಧ್ಯಾಯರ ಶಿಕ್ಷಣವೂ ಯೋಜನೆಯ ಅಂಗವಾಗಿತ್ತು.

2020ರಲ್ಲಿ ಈ ಮಿಶ್ರಣದಿಂದ ಉಪಾಧ್ಯಾಯನ ಸಾಮೀಪ್ಯವೇ ಕಳಚಿ ಹೋಯಿತು. ತೆರೆ ಉಳಿಯಿತು, ಬೆನ್ನ ಹಿಂದೆ ಬಂದು ನಿಲ್ಲುವವರಿಲ್ಲ. ಆ ವರ್ಷದ ಆಗಸ್ಟಿನಲ್ಲಿ ಕರ್ನಾಟಕ ಸರಕಾರವು ‘ವಿದ್ಯಾಗಮ’ವೆಂಬ ಹೆಸರಿನಿಂದ ಉಪಾಧ್ಯಾಯರನ್ನೇ ಮಕ್ಕಳಿದ್ದೆಡೆಗೆ ಕಳುಹಿಸಿ, ಊರಿನ ತೆರೆದ ತಾವುಗಳಲ್ಲಿ ಸಣ್ಣ ಗುಂಪುಗಳಿಗೆ ಪಾಠ ಹೇಳಿಸಿತು. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ನಿಂತ ಆ ಕಾರ್ಯವು 2021ರ ಜನವರಿ 1ರಂದು ಶಾಲೆಯ ಅಂಗಳದಲ್ಲಿ ಪುನಃ ಆರಂಭವಾಯಿತು.