ಬೆಂಗಳೂರು ದಂಡಿನ ಯವಸುರೆಯ ಕಾರ್ಖಾನೆ

ಬನ್ನೂರು, ತಿರುಮಕೂಡಲು, ನಂಜನಗೂಡು ಮೊದಲಾದ ಕಾವೇರೀ ಕಪಿಲಾ ತೀರದ ಗ್ರಾಮಗಳಲ್ಲಿ ಮದ್ಯವೆಂದರೆ ಹಿಂದಿನಿಂದಲೂ ಈಚಲಿನ ಹೆಂಡ, ಇಲ್ಲವೆ ಸಾರಾಯಿ. ಯವಧಾನ್ಯದಿಂದ ಮಾಡುವ ಬೀರೆಂಬ ಪಾನೀಯವು ಮೈಸೂರು ಸೀಮೆಯನ್ನು ಹೊಕ್ಕುದು ಇಂಗ್ಲೀಷರ ದಂಡಿನ ಬೆನ್ನು ಹಿಡಿದು. ಅದನ್ನು ತಯಾರಿಸುತ್ತಿದ್ದ ಬೆಂಗಳೂರಿನ ಕಾರ್ಖಾನೆಯ ವೃತ್ತಾಂತವು ವಿಚಾರಾರ್ಹವಾದುದು.

ಧಾನ್ಯದಿಂದ ಸುರೆಯನ್ನು ಇಳಿಸುವ ವಿದ್ಯೆ ಈ ದೇಶಕ್ಕೆ ಹೊಸದೆಂದು ಭಾವಿಸಲಾಗದು. ಕೌಟಿಲ್ಯನು ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂಬ ಆರು ಭೇದಗಳನ್ನು ಹೇಳಿ, ಮೇದಕಕ್ಕೆ ಒಂದು ದ್ರೋಣ ನೀರು, ಅರ್ಧ ಆಢಕ ಅಕ್ಕಿ, ಮೂರು ಪ್ರಸ್ಥ ಕಿಣ್ವ ಎಂದು ಪ್ರಮಾಣವನ್ನೂ ಕೊಟ್ಟಿದ್ದಾನೆ. ಹುದುಗನ್ನು ಸೂಚಿಸುವ ಈ ಕಿಣ್ವಶಬ್ದವನ್ನೇ ಕನ್ನಡದ ವಿಜ್ಞಾನಲೇಖಕರು ಈಗ ಬೇರೊಂದು ಪಾರಿಭಾಷಿಕಾರ್ಥದಲ್ಲಿ ಬಳಸುತ್ತಿರುವುದು ಸ್ವಾರಸ್ಯವಾದ ಸಂಗತಿ. ಬೀರಿನ ಕ್ರಮವಾದರೋ, ಯವವನ್ನು ನೆನೆಸಿ ಮೊಳಕೆ ಬರಿಸಿ, ಒಣಗಿಸಿ ನುಚ್ಚುಮಾಡಿ, ಬಿಸಿನೀರಿನಲ್ಲಿ ಕಲಸಿ ಸಿಹಿರಸವನ್ನು ಬಸಿದು, ಹಾಪ್ ಎಂಬ ಬಳ್ಳಿಯ ಹೂವಿನೊಡನೆ ಕುದಿಸಿ, ಆರಿದ ಮೇಲೆ ಹುದುಗನ್ನು ಕೂಡಿಸುವುದು. ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ಮಾಡುವ ಮನೆಗಳಿಗೆ ಇದರ ಪೂರ್ವಾರ್ಧವು ಅಪರಿಚಿತವಲ್ಲ. ಕಹಿಯನ್ನೂ ಬಾಳಿಕೆಯನ್ನೂ ಕೊಡುವ ಹಾಪ್ ಮಾತ್ರ ಈ ನೆಲದಲ್ಲಿ ಇರಲಿಲ್ಲ.

1809ರಲ್ಲಿ ಬೆಂಗಳೂರಿನಲ್ಲಿ ದಂಡು ಸ್ಥಾಪಿತವಾಯಿತು. 1881ರಲ್ಲಿ ಮೈಸೂರು ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದಾಗಲೂ ದಂಡಿನ ಪ್ರದೇಶವು ಬ್ರಿಟಿಷರ ಆಡಳಿತದಲ್ಲಿಯೇ ನಿಂತಿತು. ಇದಾದ ನಾಲ್ಕು ವರ್ಷಕ್ಕೆ, 1885ರಲ್ಲಿ, ಬೆಂಗಳೂರು ಬ್ರೂಯಿಂಗ್ ಕಂಪನಿಯು ಹುಟ್ಟಿತು. ಸೋಜರರ ಬಾಯಾರಿಕೆಯೇ ಅದರ ಬಂಡವಾಳವೆಂದರೆ ತಪ್ಪಾಗದು. ನೀಲಗಿರಿಯ ಕ್ಯಾಸಲ್ ಬ್ರೂವರಿಯು ಇದಕ್ಕಿಂತ ಹಳೆಯದು, 1857ರದು. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ಇವೆರಡನ್ನೂ ದಕ್ಷಿಣದ ಇನ್ನು ಮೂರು ಕಾರ್ಖಾನೆಗಳನ್ನೂ ಒಂದುಗೂಡಿಸಿದನು. ಯುನೈಟೆಡ್ ಬ್ರೂವರೀಸ್ ಎಂಬ ಹೆಸರು ಬಂದುದು ಹೀಗೆ. ಸೈನ್ಯಕ್ಕಾಗಿ ದೊಡ್ಡ ದೊಡ್ಡ ಪೀಪಾಯಿಗಳಲ್ಲಿ ತುಂಬಿದ ಬೀರು ಎತ್ತಿನ ಗಾಡಿಗಳ ಮೇಲೆ ಸಾಗುತ್ತಿತ್ತು. ಸಂಸ್ಥೆಯ ವಂಶಾವಳಿಯನ್ನು ಹೇಳುವವರು 1857ನ್ನೂ 1915ನ್ನೂ ಮುಂದಿಡುವುದುಂಟು. ಬೆಂಗಳೂರಿನ ಶಾಖೆಯ ಮಟ್ಟಿಗೆ 1885ನ್ನೇ ಮೂಲವರ್ಷವೆಂದು ಹಿಡಿಯುವುದು ನ್ಯಾಯ.

ದಂಡಿನ ಪ್ರದೇಶವು 1947ರ ಜುಲೈ 26ರಂದು ಮೈಸೂರಿಗೆ ಮರಳಿತು. ಸ್ವಲ್ಪಕಾಲದಲ್ಲಿಯೇ ಇಂಗ್ಲೀಷ್ ಸೈನ್ಯವೂ ದೇಶವನ್ನು ಬಿಟ್ಟಿತು. ಆಶ್ರಯವು ಹೋದ ಮೇಲೆ ಆಶ್ರಿತವೂ ಅಳಿಯಬೇಕಾದುದು ಸಹಜ. ಹಾಗಾಗಲಿಲ್ಲ. ಬಂಟ್ವಾಳದ ಮನೆತನದ, ಸೈನ್ಯದ ವೈದ್ಯರೊಬ್ಬರ ಮಗನಾದ ವಿಠಲ ಮಲ್ಯರು ಅದೇ 1947ರಲ್ಲಿ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ, ಮರುವರ್ಷ ಆರ್. ಜಿ. ಎನ್. ಪ್ರೈಸನ ಸ್ಥಾನದಲ್ಲಿ ಅಧ್ಯಕ್ಷರಾದರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಸೋಜರನ ಪಾನೀಯಕ್ಕೆ ನಾಡಿನವರೇ ಗಿರಾಕಿಗಳಾದರು.

ಹೀಗೆ ಒಡೆತನವು ಬದಲಾದರೂ ಅಳಿಯದೆ ನಿಂತ ಗ್ರಾಂಟ್ ರಸ್ತೆಯ ಕಾರ್ಖಾನೆಯನ್ನು ಕೊನೆಗೆ ನುಂಗಿದುದು ನೆಲದ ಬೆಲೆ. ಕಬ್ಬನ್ ಉದ್ಯಾನದ ಮಗ್ಗುಲಿನ ಆ ಸ್ಥಳದಲ್ಲಿ 2008ರಲ್ಲಿ ಯುಬಿ ಸಿಟಿ ಎಂಬ ಮಹಾಹರ್ಮ್ಯವು ತೆರೆಯಿತು. 1983ರಲ್ಲಿ ತೀರಿಕೊಂಡ ವಿಠಲ ಮಲ್ಯರ ಹೆಸರು ರಸ್ತೆಗೆ ಬಂದಿದೆ. ಗ್ರಾಂಟನ ಹೆಸರು ಹೋಗಿದೆ. ಇದಕ್ಕೆ ಒಂದು ವರ್ಷ ಮೊದಲು, 2007ರ ಜುಲೈ 1ರಿಂದ, ಕರ್ನಾಟಕದಲ್ಲಿ ಸಾರಾಯಿಯು ನಿಷಿದ್ಧವಾಗಿತ್ತು. ಬಡವನ ಮದ್ಯವು ಶಾಸನದಿಂದ ನಿಂತು, ದಂಡಿನೊಡನೆ ಬಂದುದು ಅಬಾಧಿತವಾಗಿ ಉಳಿದುದನ್ನು ಅಬಕಾರಿಯ ಚರಿತ್ರೆಯನ್ನು ಬರೆಯುವವರು ಅಲಕ್ಷಿಸಲಾಗದು.

ಸಂಸ್ಥೆಯ ಹಿಡಿತವು 2021ರಲ್ಲಿ ಹಾಲೆಂಡಿನ ಹೈನೆಕೆನ್ ವಶವಾಯಿತು. ನಂಜನಗೂಡು ತಾಲ್ಲೂಕಿನಲ್ಲಿಯೂ ಇದೇ ಸಂಸ್ಥೆಯ ಕಾರ್ಖಾನೆಯೊಂದಿದೆ. ಬತ್ತವೂ ಕಬ್ಬೂ ರಾಗಿಯೂ ಬೆಳೆಯುವ ಈ ಸೀಮೆಯಲ್ಲಿ ಯವದ ಬೇಸಾಯವಿಲ್ಲ. ಅದು ಉತ್ತರದೇಶದ ಹಿಂಗಾರಿನ ಬೆಳೆ.