ಅಡೆನೋಸಿನ್ ಗ್ರಾಹಕಗಳು

ಅಡೆನೋಸಿನ್ ಎಂಬ ಅಣುವಿನ ಸಂಕೇತವನ್ನು ಕೋಶದೊಳಕ್ಕೆ ದಾಟಿಸುವ, ಕೋಶಪೊರೆಯಲ್ಲಿ ನೆಲೆಸಿದ ಪ್ರೋಟೀನುಗಳು. ಕಾಫಿಯ ಕೆಫೀನ್ ಮಿದುಳಿನ ಮೇಲೆ ಕೆಲಸಮಾಡುವುದು ಮುಖ್ಯವಾಗಿ ಇವುಗಳ ಮೂಲಕ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ತೋಟಗಳಲ್ಲಿ ಬೆಳೆದ ಕಾಫಿ ನಿದ್ದೆಯನ್ನೇಕೆ ದೂಡುತ್ತದೆ ಎಂಬುದಕ್ಕೆ ಅರ್ಧ ಉತ್ತರ ಬೀಜದಲ್ಲಿದ್ದರೆ, ಉಳಿದರ್ಧ ಈ ಗ್ರಾಹಕಗಳು ಮಿದುಳಿನ ಯಾವ ಭಾಗದಲ್ಲಿವೆ ಎಂಬುದರಲ್ಲಿದೆ.

ಬಗೆಗಳು: ಎ1, ಎ2ಎ, ಎ2ಬಿ, ಎ3 ಎಂದು ನಾಲ್ಕು ಬಗೆಗಳಿವೆ. ಮಿದುಳಿನಲ್ಲಿ ಮೊದಲೆರಡೇ ಪ್ರಧಾನ. ಎ1 ನರಕೋಶದ ಚಟುವಟಿಕೆಯನ್ನು ತಗ್ಗಿಸಿ, ಗ್ಲುಟಮೇಟ್ ಮೊದಲಾದ ನರವಾಹಕಗಳ ಬಿಡುಗಡೆಯನ್ನು ತಡೆಯುತ್ತದೆ. ಎ2ಎ ಕೋಶವನ್ನು ಚುರುಕುಗೊಳಿಸುತ್ತದೆ. ಕೋಶಗಳು ಶಕ್ತಿ ವ್ಯಯಿಸಿದಂತೆ ಅಡೆನೋಸಿನ್ ಉಂಟಾಗುತ್ತದೆ. ದೀರ್ಘಕಾಲ ಎಚ್ಚರವಿದ್ದಾಗ ಅದು ಮಿದುಳಿನ ಕೆಲವು ಭಾಗಗಳಲ್ಲಿ ಶೇಖರವಾಗಿ ನಿದ್ದೆಯ ಒತ್ತಡವನ್ನು ಹೆಚ್ಚಿಸುತ್ತದೆ.

ನೆಲೆಗಳು: ಎ1 ವ್ಯಾಪಕವಾಗಿ ಹರಡಿದೆ. ಮನುಷ್ಯನಲ್ಲಿ ಮಿದುಳ ತೊಗಟೆ, ಹಿಪೊಕ್ಯಾಂಪಸ್, ಥಲಾಮಸ್, ಸ್ಟ್ರಯೇಟಮ್‌ಗಳಲ್ಲಿ ಅದರ ಸಾಂದ್ರತೆ ಹೆಚ್ಚು. ಇಲಿಯ ಕಿರುಮಿದುಳಿನಲ್ಲಿ ಎ1 ದಟ್ಟವಾಗಿದ್ದರೆ ಮನುಷ್ಯನ ಕಿರುಮಿದುಳಿನಲ್ಲಿ ವಿರಳ. ಇಲಿಯ ಗ್ರಾಹಕ ನಕ್ಷೆಯನ್ನು ಪ್ರೈಮೇಟ್‌ಗಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಎ2ಎ ಹೆಚ್ಚಾಗಿ ಒಂದೆಡೆ ಕೇಂದ್ರೀಕೃತ: ಸ್ಟ್ರಯೇಟಮ್‌ನ ಭಾಗಗಳಾದ ಕಾಡೇಟ್, ಪುಟಾಮೆನ್, ನ್ಯೂಕ್ಲಿಯಸ್ ಅಕುಂಬೆನ್ಸ್‌ಗಳಲ್ಲಿ. ಅಲ್ಲಿ ಅದು ಡೋಪಮಿನ್‌ನ ಡಿ2 ಗ್ರಾಹಕವಿರುವ ಕೋಶಗಳಲ್ಲೇ ಇದ್ದು, ಡಿ2ರ ಪರಿಣಾಮಕ್ಕೆ ವಿರುದ್ಧವಾಗಿ ವರ್ತಿಸುತ್ತದೆ.

ಕೆಫೀನ್‌ನ ಪಾತ್ರ: ಜರ್ಮನಿಯ ಫ್ರೀಡ್ಲೀಬ್ ಫರ್ಡಿನಂಡ್ ರುಂಗೆ 1819ರಲ್ಲಿ ಬೇರ್ಪಡಿಸಿದ ಕೆಫೀನ್, ರಚನೆಯಲ್ಲಿ ಅಡೆನೋಸಿನ್ನನ್ನು ಹೋಲುತ್ತದೆ. ಅದು ಎ1, ಎ2ಎಗಳಲ್ಲಿ ಅಡೆನೋಸಿನ್‌ನ ಜಾಗವನ್ನು ಹಿಡಿಯುತ್ತದೆ, ಆದರೆ ಗ್ರಾಹಕವನ್ನು ಪ್ರಚೋದಿಸುವುದಿಲ್ಲ; ಹೀಗಾಗಿ ಅಡೆನೋಸಿನ್‌ನ ನಿದ್ದೆಯ ಸಂಕೇತಕ್ಕೆ ತಡೆಯಾಗುತ್ತದೆ. ಎ2ಎ ಇಲ್ಲದ ಇಲಿಗಳನ್ನು ಕೆಫೀನ್ ಎಚ್ಚರಗೊಳಿಸಲಾರದೆಂದು 2005ರಲ್ಲಿ ತಿಳಿದುಬಂತು. ನಾಲ್ಕೈದು ಲೋಟ ಕಾಫಿಯಷ್ಟು ಕೆಫೀನ್ ಮನುಷ್ಯನ ಮಿದುಳಿನ ಎ1 ಗ್ರಾಹಕಗಳಲ್ಲಿ ಸುಮಾರು ಅರ್ಧದಷ್ಟನ್ನು ಆಕ್ರಮಿಸುತ್ತದೆಂದು 2012ರಲ್ಲಿ ಪ್ರಕಟವಾದ ಪೆಟ್ ಸ್ಕ್ಯಾನ್ ಅಧ್ಯಯನ ಅಂದಾಜಿಸಿತು. ಆರೋಗ್ಯವಂತ ವಯಸ್ಕರ ರಕ್ತದಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಗರ್ಭಿಣಿಯರಲ್ಲಿ ಈ ಅವಧಿ ಹೆಚ್ಚುತ್ತದೆ.

ಕಾಫಿ ಸೀಮೆಯಲ್ಲಿ: ಸೂಫಿ ಸಂತ ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದರೆಂಬ ಐತಿಹ್ಯ ಚಂದ್ರದ್ರೋಣ ಪರ್ವತದ ಈ ಸೀಮೆಯದು. ಅರೇಬಿಕಾ ಬೀಜದ ಒಣತೂಕದಲ್ಲಿ ಸುಮಾರು ಶೇ. 1.2ರಷ್ಟು, ರೋಬಸ್ಟಾದಲ್ಲಿ ಸುಮಾರು ಶೇ. 2.2ರಷ್ಟು ಕೆಫೀನ್ ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಆದ್ದರಿಂದ ಪುಡಿಯಲ್ಲಿ ಚಿಕೋರಿ ಬೆರೆತಷ್ಟೂ ಗ್ರಾಹಕಗಳನ್ನು ಮುಟ್ಟುವ ಕೆಫೀನ್ ಕಡಿಮೆ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಸಂಶೋಧನಾ ಕೇಂದ್ರ ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ.

ಕೋತಿಗಳ ನಕ್ಷೆ: ಇಲಿಯ ನಕ್ಷೆ ಪ್ರೈಮೇಟ್‌ಗಳಿಗೆ ಹಾಗೆಯೇ ಹೊಂದದ ಕಾರಣ ಕೋತಿಗಳ ಮಿದುಳಿನ ಅಧ್ಯಯನವೂ ಬೇಕಾಗುತ್ತದೆ. ಕಾಫಿ ತೋಟಗಳಿಗೆ ಬರುವ ಮಂಗ (ಮಕಾಕ ರೇಡಿಯೇಟ), ಕಳಸದ ಸಮೀಪದ ಕುದುರೆಮುಖ ಕಾಡಿನ ಸಿಂಗಳೀಕ (ಮಕಾಕ ಸೈಲೀನಸ್), ಎರಡೂ ಮಕಾಕ ಕುಲದವು. ಇದೇ ಕುಲದ ಕೋತಿಗಳ ಮಿದುಳ ತೊಗಟೆಯ 109 ಪ್ರದೇಶಗಳಲ್ಲಿ 14 ಬಗೆಯ ನರವಾಹಕ ಗ್ರಾಹಕಗಳ ಸಾಂದ್ರತೆಯನ್ನು ಅಳೆದ ನಕ್ಷೆ 2023ರಲ್ಲಿ ಪ್ರಕಟವಾಯಿತು. ಸಂವೇದನೆಯ ಪ್ರದೇಶಗಳಿಂದ ಚಿಂತನೆಯ ಪ್ರದೇಶಗಳತ್ತ ಸಾಗಿದಂತೆ ಪ್ರತಿ ನರಕೋಶಕ್ಕಿರುವ ಗ್ರಾಹಕಗಳ ಪ್ರಮಾಣ ಏರುವುದನ್ನು ಅದು ತೋರಿಸಿತು.

ವೈದ್ಯಕೀಯ ಮಹತ್ವ: ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಕುಗ್ಗಿದಾಗ ಎ2ಎಯ ಪ್ರಭಾವ ಮೇಲುಗೈ ಸಾಧಿಸಿ ಚಲನೆ ಕುಂಠಿತವಾಗುತ್ತದೆ. ಎ2ಎಯನ್ನು ತಡೆಯುವ ಇಸ್ಟ್ರಾಡೆಫಿಲಿನ್ ಔಷಧ ಈ ಕಾಯಿಲೆಯ ಲಕ್ಷಣಗಳಿದ್ದ ಮಾರ್ಮೊಸೆಟ್ ಕೋತಿಗಳಲ್ಲಿ ಚಲನೆಯನ್ನು ಸುಧಾರಿಸಿತು. ಡೋಪಮಿನ್ ಕೊರತೆ ತುಂಬುವ ಲಿವೊಡೋಪ ಔಷಧದ ಜೊತೆಗೆ ನೀಡಲು ಅದು 2013ರಲ್ಲಿ ಜಪಾನಿನಲ್ಲೂ 2019ರಲ್ಲಿ ಅಮೆರಿಕದಲ್ಲೂ ಅನುಮತಿ ಪಡೆಯಿತು. ಇಂಥ ಚಿಕಿತ್ಸೆ ರೂಪುಗೊಳ್ಳಲು ಪ್ರಾಣಿಗಳ ನಕ್ಷೆ ಸಾಲದು, ಮನುಷ್ಯನ ಮಿದುಳಿನದೇ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಇರುವ ಮಾನವ ಮಿದುಳು ಅಂಗಾಂಶ ಭಂಡಾರ ದಾನವಾಗಿ ಬಂದ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಿಡುತ್ತಿದೆ. ಮರಣಾನಂತರ ಮಿದುಳು ದಾನಕ್ಕೆ ಒಪ್ಪುವ ಪ್ರತಿ ಕುಟುಂಬವೂ ಈ ಜ್ಞಾನದ ಪಾಲುದಾರ.