ಅಂತರ್ಜಾಲದ ಶೈಕ್ಷಣಿಕ ವಿಡಿಯೋ ವಾಹಿನಿಗಳು: ಚಿಕ್ಕ ಮಕ್ಕಳಿಗೆ ಸೂಕ್ತವೇ ಎಂದು ಪರಿಶೀಲಿಸುವ ಕ್ರಮ

(ಆರು ವರ್ಷದೊಳಗಿನ ಮಕ್ಕಳ ತಂದೆತಾಯಿಗಳು, ಪೋಷಕರು ಹಾಗೂ ಅಂಗನವಾಡಿ ಕಾರ್ಯಕರ್ತೆಯರ ಮಾಹಿತಿಗಾಗಿ)

ಪೀಠಿಕೆ

ಅಕ್ಷರಮಾಲೆ, ಎಣಿಕೆ, ಶಿಶುಗೀತೆ ಹಾಗೂ ಕಥೆಗಳನ್ನು ಕಲಿಸುವುದಾಗಿ ಹೇಳಿಕೊಳ್ಳುವ ವಿಡಿಯೋ ವಾಹಿನಿಗಳು ಅಂತರ್ಜಾಲದಲ್ಲಿ ಕನ್ನಡದಲ್ಲಿಯೂ ಹೇರಳವಾಗಿ ದೊರೆಯುತ್ತವೆ. ಮನೆಗೆಲಸದ ನಡುವೆ ಮಗುವಿನ ಕೈಗೆ ಮೊಬೈಲ್ ನೀಡುವುದು, ಊಟ ಮಾಡಿಸುವಾಗ ವಿಡಿಯೋ ತೋರಿಸುವುದು ಅನೇಕ ಕುಟುಂಬಗಳಲ್ಲಿ ರೂಢಿಯಾಗಿದೆ. ಆದರೆ ‘ಶೈಕ್ಷಣಿಕ’ ಎಂಬ ಪದವನ್ನು ವಾಹಿನಿಯವರು ತಾವಾಗಿಯೇ ಬಳಸಿಕೊಳ್ಳುತ್ತಾರೆ. ಅದು ಯಾವುದೇ ಸಂಸ್ಥೆಯು ಪರಿಶೀಲಿಸಿ ನೀಡಿದ ಮುದ್ರೆಯಲ್ಲ. ಯೂಟ್ಯೂಬ್‌ನಲ್ಲಿ ಕಾಣುವ ‘ಮಕ್ಕಳಿಗಾಗಿ’ ಎಂಬ ಗುರುತನ್ನು ಸಹ ಸಾಮಾನ್ಯವಾಗಿ ವಿಡಿಯೋ ಸೇರಿಸುವವರೇ ಘೋಷಿಸುತ್ತಾರೆ. ಆದುದರಿಂದ ಪರಿಶೀಲನೆಯ ಹೊಣೆಯು ಪೋಷಕರ ಮೇಲೆಯೇ ಇರುತ್ತದೆ.

ವಯೋಮಿತಿ ಮತ್ತು ಅವಧಿ

ವಾಹಿನಿಯ ಗುಣಮಟ್ಟಕ್ಕಿಂತ ಮೊದಲು ಮಗುವಿನ ವಯಸ್ಸನ್ನು ಗಮನಿಸತಕ್ಕದ್ದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಮುಖ್ಯಾಂಶಗಳು ಹೀಗಿವೆ:

1. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ವೀಕ್ಷಣೆಯನ್ನು ಶಿಫಾರಸು ಮಾಡಲಾಗಿಲ್ಲ.
2. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗೆ ಮೀರದಂತೆ; ಕಡಿಮೆಯಾದಷ್ಟೂ ಉತ್ತಮ.
3. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷಗಳ ದೈಹಿಕ ಚಟುವಟಿಕೆ ಅಗತ್ಯ.

ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿಯೂ ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೇ ತಿಳಿಸುತ್ತದೆ. ದೂರದ ಊರಿನಲ್ಲಿರುವ ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ನಡೆಸುವ ವಿಡಿಯೋ ಕರೆಗೆ ಮಾತ್ರ ವಿನಾಯಿತಿ ಇದೆ.

ಕಾರಣವೇನು?

ಶಿಶುವು ಭಾಷೆಯನ್ನು ಕಲಿಯುವುದು ಕೊಡುಕೊಳ್ಳುವಿಕೆಯಿಂದ. ಮಗು ಬೆರಳು ತೋರಿಸಿದಾಗ ತಾಯಿ ಆ ವಸ್ತುವಿನ ಹೆಸರು ಹೇಳುತ್ತಾಳೆ. ಮಗು ತೊದಲಿದಾಗ ಅಜ್ಜಿ ಮರುನುಡಿಯುತ್ತಾಳೆ. ವಿಡಿಯೋ ಮಗುವಿನ ಕಣ್ಣನ್ನಾಗಲಿ ಬೆರಳನ್ನಾಗಲಿ ನೋಡಲಾರದು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಂಬತ್ತು ತಿಂಗಳ ಶಿಶುಗಳು ಚೀನೀ ಭಾಷೆಯ ಧ್ವನಿಗಳನ್ನು ಎದುರಿಗೆ ಕುಳಿತ ವ್ಯಕ್ತಿಯಿಂದ ಕಲಿತವು. ಅದೇ ಪಾಠವನ್ನು ದೃಶ್ಯಮುದ್ರಣದಲ್ಲಿ ನೋಡಿದ ಶಿಶುಗಳು ಕಲಿಯಲಿಲ್ಲ. ಮಗು ಪರದೆಯನ್ನು ತದೇಕಚಿತ್ತದಿಂದ ನೋಡುತ್ತಿದೆ ಎಂಬುದು ಅದು ಕಲಿಯುತ್ತಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ವಾಹಿನಿಯನ್ನು ಪರಿಶೀಲಿಸುವ ವಿಧಾನ

ಮಗುವಿಗೆ ತೋರಿಸುವ ಮುನ್ನ ಪೋಷಕರು ಸದರಿ ವಾಹಿನಿಯ ಕನಿಷ್ಠ ಮೂರು ವಿಡಿಯೋಗಳನ್ನು ಮೊದಲಿನಿಂದ ಕೊನೆಯವರೆಗೆ ನೋಡತಕ್ಕದ್ದು. ಮುಖಚಿತ್ರವನ್ನು ನೋಡಿ ತೀರ್ಮಾನಿಸುವುದು ಸಾಲದು. ಪರಿಚಿತ ಕಾರ್ಟೂನ್ ಪಾತ್ರಗಳ ವೇಷದಲ್ಲಿ ಹಿಂಸೆ ಮತ್ತು ಭೀತಿಯ ದೃಶ್ಯಗಳಿದ್ದ ಅನೇಕ ವಿಡಿಯೋಗಳು 2017ರಲ್ಲಿ ಬೆಳಕಿಗೆ ಬಂದಿದ್ದವು. ಪರಿಶೀಲಿಸಬೇಕಾದ ಅಂಶಗಳು:

ಅ) ವೇಗ: ದೃಶ್ಯವು ಕ್ಷಣಕ್ಷಣಕ್ಕೂ ಬದಲಾಗುವುದೇ? ಪ್ರಶ್ನೆ ಕೇಳಿದ ನಂತರ ಮಗು ಉತ್ತರಿಸಲು ಬಿಡುವು ಇದೆಯೇ? 2011ರ ಅಧ್ಯಯನವೊಂದರಲ್ಲಿ ಕೇವಲ ಒಂಬತ್ತು ನಿಮಿಷ ಅತಿವೇಗದ ಕಾರ್ಟೂನ್ ನೋಡಿದ ನಾಲ್ಕು ವರ್ಷದ ಮಕ್ಕಳು, ಅಷ್ಟೇ ಹೊತ್ತು ಚಿತ್ರ ಬಿಡಿಸಿದ ಮಕ್ಕಳಿಗಿಂತ ಗಮನ ಮತ್ತು ಸಂಯಮದ ಪರೀಕ್ಷೆಗಳಲ್ಲಿ ಹಿಂದುಳಿದರು.

ಆ) ಭಾಷೆ: ಉಚ್ಚಾರಣೆ ಸ್ಪಷ್ಟವಾಗಿದೆಯೇ? ‘ಲ’ ಮತ್ತು ‘ಳ’, ‘ನ’ ಮತ್ತು ‘ಣ’ ಅಕ್ಷರಗಳ ವ್ಯತ್ಯಾಸ ಕೇಳಿಸುವುದೇ? ಅನ್ಯಭಾಷೆಯ ಹಾಡನ್ನು ಪದಕ್ಕೆ ಪದವಾಗಿ ಕನ್ನಡಕ್ಕೆ ತಂದು ಅರ್ಥ ಕೆಟ್ಟಿದೆಯೇ?

ಇ) ನಿಖರತೆ: ಅಕ್ಷರ, ಚಿತ್ರ ಮತ್ತು ಹೆಸರು ಒಂದಕ್ಕೊಂದು ಹೊಂದುತ್ತವೆಯೇ? ಕೃತಕ ಬುದ್ಧಿಮತ್ತೆಯಿಂದ ತಯಾರಾದ ವಿಡಿಯೋಗಳಲ್ಲಿ ತಪ್ಪು ಅಕ್ಷರಗಳೂ ವಿಕಾರವಾದ ಚಿತ್ರಗಳೂ ನುಸುಳುವ ಸಂಭವವಿದ್ದು, ವಿಶೇಷ ಎಚ್ಚರಿಕೆ ಅಗತ್ಯ.

ಈ) ಮಾರಾಟ: ಪಾಠದ ನಡುವೆ ಆಟಿಕೆ, ಸಿಹಿತಿಂಡಿ ಅಥವಾ ಶುಲ್ಕದ ಕೋರ್ಸುಗಳ ಪ್ರಚಾರವಿದೆಯೇ? ಜಾಹೀರಾತನ್ನೂ ಪಾಠವನ್ನೂ ಬೇರ್ಪಡಿಸಿ ನೋಡುವ ಶಕ್ತಿ ಚಿಕ್ಕ ಮಗುವಿಗೆ ಇರುವುದಿಲ್ಲ.

ಉ) ನಡವಳಿಕೆ: ಹೊಡೆತ, ಅಣಕ, ಮೈಬಣ್ಣ ಅಥವಾ ಅಂಗವೈಕಲ್ಯವನ್ನು ಕುರಿತ ಹಾಸ್ಯ ಇರುವ ವಿಡಿಯೋಗಳನ್ನು ತಿರಸ್ಕರಿಸತಕ್ಕದ್ದು.

ಊ) ಪರಿಣಾಮ: ಇದು ಅಂತಿಮ ಹಾಗೂ ಮುಖ್ಯ ಪರೀಕ್ಷೆ. ಬದನೆಕಾಯಿಯ ಹೆಸರು ಕಲಿಸುವ ವಿಡಿಯೋ ನೋಡಿದ ಮಗು, ಮರುದಿನ ತರಕಾರಿ ಬುಟ್ಟಿಯಲ್ಲಿ ಬದನೆಕಾಯಿಯನ್ನು ಗುರುತಿಸುವುದೇ? ವಿಡಿಯೋ ನಿಲ್ಲಿಸಿದಾಗ ಮಗು ಶಾಂತವಾಗಿ ಬೇರೆ ಆಟಕ್ಕೆ ಹೋಗುವುದೇ, ಅಥವಾ ಪ್ರತಿಬಾರಿಯೂ ಹಠ ಮಾಡಿ ಅಳುವುದೇ? ಎರಡನೆಯದಾದಲ್ಲಿ ಸದರಿ ವಾಹಿನಿಯನ್ನು ನಿಲ್ಲಿಸುವುದು ಸೂಕ್ತ.

ತೋರಿಸುವಾಗ ಅನುಸರಿಸಬೇಕಾದ ಕ್ರಮ

• ಪೋಷಕರು ಮಗುವಿನ ಜೊತೆಯಲ್ಲಿ ಕುಳಿತು, ಕಂಡದ್ದನ್ನು ಕುರಿತು ಮಾತನಾಡತಕ್ಕದ್ದು.
• ಒಂದರ ನಂತರ ಒಂದು ವಿಡಿಯೋ ತಾನಾಗಿ ಆರಂಭವಾಗುವ ವ್ಯವಸ್ಥೆಯನ್ನು ನಿಲ್ಲಿಸಿಡತಕ್ಕದ್ದು.
• ಯೂಟ್ಯೂಬ್ ಕಿಡ್ಸ್ ಆ್ಯಪ್‌ನಲ್ಲಿ ಪೋಷಕರು ಒಪ್ಪಿದ ವಿಡಿಯೋಗಳನ್ನು ಮಾತ್ರ ತೋರಿಸುವ ಹಾಗೂ ಸಮಯ ಮಿತಿಗೊಳಿಸುವ ಸೌಲಭ್ಯಗಳಿವೆ.
• ಊಟದ ವೇಳೆ ಮತ್ತು ಮಲಗುವ ಮುನ್ನ ಪರದೆ ಬೇಡ.
• ಮಗುವಿನ ಹೆಸರು, ಭಾವಚಿತ್ರ, ಜನ್ಮ ದಿನಾಂಕಗಳನ್ನು ವಾಹಿನಿಗಳಿಗೆ ಕಳುಹಿಸಬಾರದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರಲ್ಲಿ 18 ವರ್ಷದೊಳಗಿನವರ ದತ್ತಾಂಶಕ್ಕೆ ಪೋಷಕರ ಸಮ್ಮತಿಯನ್ನು ಕಡ್ಡಾಯಗೊಳಿಸುವ ಹಾಗೂ ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ನಿರ್ಬಂಧಿಸುವ ಉಪಬಂಧಗಳಿವೆ.

ಮಾತು ತಡವಾದಲ್ಲಿ

ಮಗು 12 ತಿಂಗಳಾದರೂ ತೊದಲದಿದ್ದಲ್ಲಿ, 16 ತಿಂಗಳಾದರೂ ಒಂದು ಪದವನ್ನೂ ಆಡದಿದ್ದಲ್ಲಿ, ಎರಡು ವರ್ಷವಾದರೂ ಎರಡು ಪದ ಜೋಡಿಸಿ ಮಾತನಾಡದಿದ್ದಲ್ಲಿ ಅಥವಾ ಹೆಸರು ಹಿಡಿದು ಕರೆದಾಗ ತಿರುಗಿ ನೋಡದಿದ್ದಲ್ಲಿ, ‘ಮಾತು ಕಲಿಸುವ’ ವಿಡಿಯೋಗಳನ್ನು ನಂಬಿ ಕಾಲಹರಣ ಮಾಡಬಾರದು. ಶ್ರವಣದೋಷ ಮೊದಲಾದ ಕಾರಣಗಳು ಬೇಗ ಪತ್ತೆಯಾದಷ್ಟೂ ಚಿಕಿತ್ಸೆ ಫಲಕಾರಿಯಾಗುತ್ತದೆ. ಇಂತಹ ಸಂದರ್ಭದಲ್ಲಿ ಸಮೀಪದ ಅಂಗನವಾಡಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ವೈದ್ಯಕೀಯ ತಂಡಗಳು ಅಂಗನವಾಡಿ ಮಕ್ಕಳ ಬೆಳವಣಿಗೆಯ ತಪಾಸಣೆ ನಡೆಸಿ, ಅಗತ್ಯವಿದ್ದಲ್ಲಿ ಹೆಚ್ಚಿನ ಪರೀಕ್ಷೆಗೆ ಕಳುಹಿಸುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿಯೂ ಪರೀಕ್ಷೆ ಮತ್ತು ಚಿಕಿತ್ಸೆಯ ಸೌಲಭ್ಯವಿದೆ.

ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಕೇಂದ್ರಗಳಲ್ಲಿ ಶಾಲಾಪೂರ್ವ ಶಿಕ್ಷಣವು ಉಚಿತವಾಗಿ ದೊರೆಯುತ್ತದೆ. ಜೊತೆಗಾರ ಮಕ್ಕಳೊಡನೆ ಆಡುತ್ತಾ, ಹಾಡುತ್ತಾ ಕಲಿಯುವ ಈ ಅವಕಾಶವನ್ನು ಯಾವುದೇ ವಾಹಿನಿಯು ತುಂಬಿಕೊಡಲಾರದು.

ದೂರು ಸಲ್ಲಿಸುವ ಬಗ್ಗೆ

ಅನುಚಿತ ವಿಡಿಯೋ ಕಂಡುಬಂದಲ್ಲಿ ಆಯಾ ಜಾಲತಾಣದಲ್ಲಿರುವ ‘ವರದಿ’ ಗುಂಡಿಯ ಮೂಲಕ ತಿಳಿಸತಕ್ಕದ್ದು. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳಿದ್ದಲ್ಲಿ ಅವನ್ನು ಇತರರಿಗೆ ಕಳುಹಿಸುವುದು ಅಪರಾಧವಾಗಿದ್ದು, ವಿಳಾಸವನ್ನು ಮಾತ್ರ ಬರೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ಸಲ್ಲಿಸತಕ್ಕದ್ದು. ಮಗುವಿಗೆ ನೆರವು ಅಗತ್ಯವಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು.